ಬಿಗಿಯುವ ಮೊದಲು ಅಳೆಯಬೇಕು: ಹಳೆಯ ಚೈನ್ ಟ್ರ್ಯಾಕ್ಟರುಗಳ ದುರಸ್ತಿಯೂ ಒಂದು ಉದ್ಯಮ

ಹಿಂಗಾರಿ ಜೋಳದ ರಾಶಿ ಮುಗಿದು ಎರೆ ಹೊಲಗಳು ಬಿಸಿಲಿಗೆ ಬಾಯಿಬಿಡುವ ಕಾಲಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗಗಳಲ್ಲಿ ಮಣ್ಣಿನ ಕೆಲಸದ ಸುಗ್ಗಿ ಆರಂಭವಾಗುತ್ತದೆ. ಏರುತಗ್ಗಿನ ಹೊಲವನ್ನು ಸಮತಟ್ಟು ಮಾಡುವುದು, ಕೊಚ್ಚಿಹೋದ ಒಡ್ಡನ್ನು ಮತ್ತೆ ಏರಿಸುವುದು, ಕರಿಕೆ ಹಬ್ಬಿದ ನೆಲವನ್ನು ಆಳವಾಗಿ ಸೀಳುವುದು, ಕೆರೆಯ ಹೂಳನ್ನು ದಡಕ್ಕೆ ನೂಕುವುದು ಇವೆಲ್ಲ ಮುಂಗಾರು ಬೀಳುವುದರೊಳಗೆ ಮುಗಿಯಬೇಕಾದ ಕೆಲಸಗಳು. ಈ ಮೂರು ನಾಲ್ಕು ತಿಂಗಳಲ್ಲಿ ದುಡಿದದ್ದೇ ಒಬ್ಬ ಯಂತ್ರ ಮಾಲೀಕನ ವರ್ಷದ ಗಳಿಕೆ. ಇಂತಹ ಸುಗ್ಗಿಯ ನಡುವೆ, ಸಾಲೋಟಗಿಯಂತಹ ಊರಿನ ಹೊಲವೊಂದರಲ್ಲಿ ಹಳೆಯ ಡೋಜರ್ ಒಂದು ಚೈನು ಕಳಚಿ ಎಂಟು ದಿನ ನಿಂತಿತೆಂದರೆ ನಷ್ಟ ಮಾಲೀಕನೊಬ್ಬನಿಗೇ ನಿಲ್ಲುವುದಿಲ್ಲ. ಹೊಲದ ಒಡೆಯನ ಬಿತ್ತನೆ ತಡವಾಗುತ್ತದೆ, ಚಾಲಕನ ಕೂಲಿ ನಿಲ್ಲುತ್ತದೆ, ಬಿಡಿಭಾಗ ಮಾರುವ ವರ್ತಕನ ಉದ್ರಿ ಬಾಕಿ ಉಳಿಯುತ್ತದೆ, ಬ್ಯಾಂಕಿನ ಕಂತು ತಪ್ಪುತ್ತದೆ.

ಹೀಗೆ ನಿಲ್ಲುವ ಯಂತ್ರಗಳಲ್ಲಿ ಬಹುಪಾಲು ಎಂಜಿನ್ ಕೆಟ್ಟು ನಿಂತವುಗಳಲ್ಲ. ಕೆಳಭಾಗದ ಚೈನು, ಸ್ಪ್ರಾಕೆಟ್, ರೋಲರುಗಳ ವಿಷಯದಲ್ಲಿ ತೋರಿದ ಅಲಕ್ಷ್ಯದಿಂದ ನಿಂತವುಗಳು. ಈ ಅಲಕ್ಷ್ಯಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಅಳತೆ ಮಾಡದೆ ಕಣ್ಣಂದಾಜಿನಲ್ಲಿ ಬಿಗಿಯುವ ರೂಢಿ, ಸುಗ್ಗಿಯಲ್ಲಿ ದುರಸ್ತಿಗೆ ಬಿಡುವಿಲ್ಲವೆಂಬ ನೆಪ, ಜೊತೆಗೆ ಸಮೀಪದಲ್ಲಿ ಸರಿಯಾದ ದುರಸ್ತಿ ಸೌಲಭ್ಯ ಇಲ್ಲದಿರುವುದು, ಈ ಮೂರೂ ಸೇರಿ ಜಿಲ್ಲೆಯ ಸಂಪತ್ತನ್ನು ಸದ್ದಿಲ್ಲದೆ ಸವೆಸುತ್ತಿವೆ. ವಾಣಿಜ್ಯೋದ್ಯಮ ಸಂಸ್ಥೆಗಳೂ ಸಣ್ಣ ಕೈಗಾರಿಕೋದ್ಯಮಿಗಳೂ ಗಂಭೀರವಾಗಿ ಪರಿಶೀಲಿಸಬೇಕಾದ ವಿಷಯವಿದು.

ಯಂತ್ರ ಬಂದ ದಾರಿ

ಚೈನಿನ ಮೇಲೆ ಚಲಿಸುವ ಟ್ರ್ಯಾಕ್ಟರು ಹುಟ್ಟಿದ್ದೇ ಗಾಲಿ ಹೂತುಹೋಗುವ ನೆಲಕ್ಕಾಗಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಪಟ್ಟಣದ ಸುತ್ತಲಿನ ಮೆದು ಜೌಗುಮಣ್ಣಿನಲ್ಲಿ ಉಗಿಯಂತ್ರದ ಟ್ರ್ಯಾಕ್ಟರುಗಳು ಹೂತು ನಿಲ್ಲುತ್ತಿದ್ದುದನ್ನು ಕಂಡ ಬೆಂಜಮಿನ್ ಹೋಲ್ಟ್, ಹಿಂದಿನ ಗಾಲಿಗಳನ್ನು ತೆಗೆದು ಅವುಗಳ ಜಾಗದಲ್ಲಿ ಮರದ ಹಲಗೆಗಳನ್ನು ಜೋಡಿಸಿದ ಸರಪಳಿಯನ್ನು ಅಳವಡಿಸಿ 1904ರ ನವೆಂಬರಿನಲ್ಲಿ ಪರೀಕ್ಷಿಸಿದನು. ಮುಂದೆ 1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಒಂದಾಗಿ ಕ್ಯಾಟರ್‌ಪಿಲ್ಲರ್ ಸಂಸ್ಥೆ ಸ್ಥಾಪನೆಯಾಯಿತು. ಯಂತ್ರದ ಭಾರವನ್ನು ಅಗಲವಾದ ಶೂಗಳ ಮೇಲೆ ಹಂಚುವುದರಿಂದ, ಹಲವು ಟನ್ ತೂಕದ ಡೋಜರ್ ಕೂಡ ನೆಲವನ್ನು ಒತ್ತುವುದು ಚದರ ಸೆಂಟಿಮೀಟರಿಗೆ ಸುಮಾರು ಅರ್ಧದಿಂದ ಮುಕ್ಕಾಲು ಕಿಲೋಗ್ರಾಂ ಮಾತ್ರ. ಡೋಣಿ ಮತ್ತು ಭೀಮಾ ತೀರದ ಆಳವಾದ ಎರೆಮಣ್ಣಿಗೆ ಇದಕ್ಕಿಂತ ಒಪ್ಪುವ ಯಂತ್ರ ದೊರೆಯುವುದು ಕಷ್ಟ.

ಭಾರತದಲ್ಲಿ ಸ್ವಾತಂತ್ರ್ಯ ಬಂದ ವರ್ಷಗಳಲ್ಲಿಯೇ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಆರಂಭವಾಗಿ, ಮಧ್ಯಭಾರತದ ಕಾನ್ಸ್ ಹುಲ್ಲು ಹಬ್ಬಿದ ಕಪ್ಪುಭೂಮಿಯನ್ನು ಭಾರಿ ಚೈನ್ ಟ್ರ್ಯಾಕ್ಟರುಗಳಿಂದ ಉಳುಮೆಗೆ ತರುವ ಕೆಲಸ ನಡೆಯಿತು. ಇದಕ್ಕೆ ವಿಶ್ವಬ್ಯಾಂಕು 1949ರಲ್ಲಿ 1 ಕೋಟಿ ಡಾಲರುಗಳ ಸಾಲ ನೀಡಿತ್ತು. ಯಂತ್ರ ತಂದರೆ ಸಾಲದು, ಅದನ್ನು ನಡೆಸುವ ಮತ್ತು ರಿಪೇರಿ ಮಾಡುವ ಕೈಗಳೂ ಬೇಕೆಂಬ ಅರಿವಿನಿಂದ 1955ರಲ್ಲಿ ಬುದ್ನಿಯಲ್ಲಿ ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ರೂಪುಗೊಂಡು, ಜಪಾನಿನ ಕೊಮಾಟ್ಸು ಸಂಸ್ಥೆಯ ತಾಂತ್ರಿಕ ಸಹಯೋಗದಿಂದ ಕೋಲಾರದ ಚಿನ್ನದ ಗಣಿ ಪ್ರದೇಶದ ಕಾರ್ಖಾನೆಯಲ್ಲಿ ಡಿ 50, ಡಿ 80 ಮಾದರಿಯ ಡೋಜರುಗಳು ತಯಾರಾದವು. ಅದೇ 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕೃಷ್ಣಾ ಮೇಲ್ದಂಡೆ ಯೋಜನೆಯ ಅಣೆಕಟ್ಟು, ನಾರಾಯಣಪುರ ಎಡದಂಡೆ ಕಾಲುವೆ, ಇಂಡಿ ಶಾಖಾ ಕಾಲುವೆ, ಅನಂತರ ಮುಳವಾಡ ಹಾಗೂ ಚಿಮ್ಮಲಗಿ ಏತ ನೀರಾವರಿ ಕಾಮಗಾರಿಗಳು ಮಣ್ಣು ಸರಿಸುವ ಯಂತ್ರಗಳಿಗೆ ದಶಕಗಳ ಕಾಲ ಕೆಲಸ ಒದಗಿಸಿದವು. ಇಂತಹ ಕಾಮಗಾರಿಗಳಲ್ಲಿ ದುಡಿದು ಹಳೆಯದಾದ ಯಂತ್ರಗಳು ಹರಾಜಿನಲ್ಲೋ ಕೈ ಬದಲಾಗಿಯೋ ಸಣ್ಣ ಮಾಲೀಕರಿಗೆ ದಕ್ಕುತ್ತವೆ. ಕಾಲುವೆಯ ನೀರು ಬಂದ ಹೊಲವನ್ನು ಸಮ ಮಾಡುವ ಕೆಲಸವೂ ಇವರದೇ. ಆದರೆ ಯಂತ್ರದ ಜೊತೆಗೆ ಬರಬೇಕಾಗಿದ್ದ ಕಾರ್ಯಾಗಾರ, ಅಳತೆಯ ಪಟ್ಟಿ, ತರಬೇತಿ ಇವು ಮಾತ್ರ ಹಿಂದೆಯೇ ಉಳಿದುಬಿಟ್ಟವು.

ಖರ್ಚಿನ ಅರ್ಧ ನೆಲದ ಮಟ್ಟದಲ್ಲಿ

ಚೈನ್ ಯಂತ್ರದ ನಿರ್ವಹಣೆಗೆ ತಗಲುವ ಖರ್ಚಿನಲ್ಲಿ ಸುಮಾರು ಅರ್ಧದಷ್ಟು ಕೆಳಭಾಗಕ್ಕೇ ಹೋಗುತ್ತದೆಂಬುದು ಉದ್ಯಮದಲ್ಲಿ ಸಾಮಾನ್ಯವಾಗಿ ಒಪ್ಪಿದ ಮಾತು. ಹಾಗಿದ್ದರೂ ಮಾಲೀಕರು ಎಂಜಿನ್ ಆಯಿಲನ್ನು ಬೆರಳಿಗೆ ಹಚ್ಚಿ ನೋಡುವಷ್ಟು ಶ್ರದ್ಧೆಯಿಂದ ಚೈನಿನ ಜೋಲನ್ನು ನೋಡುವುದಿಲ್ಲ. ಚೈನು ಎಂದರೆ ಲಿಂಕುಗಳು, ಅವುಗಳನ್ನು ಬೆಸೆಯುವ ಪಿನ್ನುಗಳು, ಪಿನ್ನಿನ ಮೇಲೆ ಕುಳಿತ ಬುಶ್ಶುಗಳು ಮತ್ತು ಹೊರಗೆ ಬೋಲ್ಟಿನಿಂದ ಬಿಗಿದ ಶೂಗಳು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಬುಶ್ಶನ್ನು ಹಿಡಿದು ಎಳೆಯುತ್ತದೆ, ಮುಂದಿನ ಐಡ್ಲರ್ ಚೈನಿಗೆ ದಾರಿ ತೋರುತ್ತದೆ, ಕೆಳಗಿನ ರೋಲರುಗಳು ಯಂತ್ರದ ಭಾರ ಹೊರುತ್ತವೆ, ಮೇಲಿನ ರೋಲರುಗಳು ಮರಳುವ ಚೈನನ್ನು ಎತ್ತಿ ಹಿಡಿಯುತ್ತವೆ. ಇವೆಲ್ಲವೂ ಒಂದೇ ಸಂಸಾರದ ಸದಸ್ಯರಿದ್ದಂತೆ. ಒಂದು ಸವೆದರೆ ಉಳಿದವನ್ನೂ ಸವೆಸುತ್ತದೆ.

ಎರೆಮಣ್ಣಿನ ನೆಲದಲ್ಲಿ ಇನ್ನೊಂದು ತೊಡಕಿದೆ. ಒದ್ದೆ ಎರೆಮಣ್ಣು ಸ್ಪ್ರಾಕೆಟ್ ಹಲ್ಲುಗಳ ನಡುವೆ ಮೆತ್ತಿಕೊಂಡು ಗಟ್ಟಿಯಾದಾಗ ಬುಶ್ಶು ಹಲ್ಲಿನ ಬುಡಕ್ಕೆ ಕೂರಲಾರದು. ಚೈನು ತಾನಾಗಿಯೇ ಬಿಗಿಯುತ್ತದೆ. ಬೆಳಿಗ್ಗೆ ಒಣ ಅಂಗಳದಲ್ಲಿ ಸರಿಯಾಗಿದ್ದ ಚೈನು ಮಧ್ಯಾಹ್ನ ಕೆರೆಯಂಗಳದಲ್ಲಿ ತಂತಿಯಂತೆ ಬಿಗಿದಿರುವುದಕ್ಕೆ ಇದೇ ಕಾರಣ. ಅದೇ ಯಂತ್ರ ಮರುದಿನ ಗರಸಿನ ನೆಲಕ್ಕೆ ಹೋದರೆ ಮಣ್ಣು ಉದುರಿ ಚೈನು ಸಡಿಲಾಗುತ್ತದೆ. ಆದ್ದರಿಂದ ಕೆಲಸದ ನೆಲ ಬದಲಾದಾಗಲೆಲ್ಲ ಆ ನೆಲದಲ್ಲಿ ಒಂದಿಷ್ಟು ಓಡಿಸಿಯೇ ಜೋಲನ್ನು ಅಳೆಯಬೇಕು. ಸಂಜೆ ಕೆಲಸ ಬಿಡುವಾಗ ಮಣ್ಣು ಒಣಗುವ ಮೊದಲೇ ಕೆರೆದು ತೆಗೆಯಬೇಕು. ಸಲಿಕೆ ಹಿಡಿದ ಅರ್ಧ ಗಂಟೆಯ ಈ ಕೆಲಸಕ್ಕೆ ಹಣ ಬೇಡ, ಮನಸ್ಸು ಬೇಕು.

ಜೋಲಿನ ಲೆಕ್ಕ

ಚೈನು ಎಷ್ಟು ಬಿಗಿಯಾದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ಚಾಲಕರಲ್ಲಿ ಬಲವಾಗಿ ಬೇರೂರಿದೆ. ಚೈನು ಕಳಚಿದರೆ ಬೈಗುಳ ತಿನ್ನುವವನು ಚಾಲಕ. ಚೈನು ಬಿಗಿಯಾಗಿ ಸವೆದರೆ ಹಣ ತೆರುವವನು ಮಾಲೀಕ. ಹೀಗಾಗಿ ಬಿಗಿಯುವ ಕಡೆಗೇ ಕೈ ಹೋಗುವುದು ಸಹಜ. ಆದರೆ ಇಲ್ಲಿ ಭೌತಶಾಸ್ತ್ರದ ಸರಳ ನಿಯಮವೊಂದು ಕೆಲಸ ಮಾಡುತ್ತದೆ. ಎರಡು ಆಸರೆಗಳ ನಡುವೆ ತೂಗುವ ಸರಪಳಿಯ ಜೋಲು ಅರ್ಧವಾದರೆ ಅದರಲ್ಲಿನ ಎಳೆತ ಇಮ್ಮಡಿಯಾಗುತ್ತದೆ. 30 ಮಿಲಿಮೀಟರ್ ಇರಬೇಕಾದ ಜೋಲನ್ನು 10ಕ್ಕೆ ಇಳಿಸಿದರೆ ಎಳೆತ ಮೂರು ಪಟ್ಟಾಗುತ್ತದೆ. ಆ ಹೆಚ್ಚುವರಿ ಎಳೆತವನ್ನು ಪ್ರತಿ ಪಿನ್ನು, ಪ್ರತಿ ಬುಶ್ಶು, ಸ್ಪ್ರಾಕೆಟ್ಟಿನ ಪ್ರತಿ ಹಲ್ಲು ಹಗಲಿಡೀ ಹೊರಬೇಕು. ಅದಕ್ಕೆ ಬೇಕಾದ ಡೀಸೆಲ್ಲನ್ನೂ ಸುಡಬೇಕು.

ಅಳತೆಯ ವಿಧಾನವೇನೂ ಕಠಿಣವಲ್ಲ. ಯಂತ್ರವನ್ನು ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ಮುಂದಕ್ಕೆ ಓಡಿಸಿ, ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಬೇಕು. ಐಡ್ಲರಿನಿಂದ ಅದರ ಹಿಂದಿನ ಮೇಲ್ ರೋಲರಿನವರೆಗೆ ಶೂಗಳ ತುದಿಯ ಮೇಲೆ ನೇರವಾದ ಪಟ್ಟಿಯೊಂದನ್ನು ಇಡಬೇಕು. ಪಟ್ಟಿಗೂ ಶೂ ತುದಿಗೂ ನಡುವೆ ಕಾಣುವ ಅತಿ ಹೆಚ್ಚಿನ ಅಂತರವೇ ಜೋಲು. ಮಧ್ಯಮ ಗಾತ್ರದ ಅನೇಕ ಡೋಜರುಗಳಲ್ಲಿ ಇದು 20ರಿಂದ 30 ಮಿಲಿಮೀಟರ್ ಇರಬೇಕೆಂದು ತಯಾರಕರು ಸೂಚಿಸುತ್ತಾರೆ. ಆಯಾ ಯಂತ್ರದ ಕೈಪಿಡಿಯೇ ಅಂತಿಮ ಪ್ರಮಾಣ. ಬಹು ಹಳೆಯ ಯಂತ್ರಗಳಲ್ಲಿ ದೊಡ್ಡ ತಿರುಪನ್ನು ಸ್ಪ್ಯಾನರಿನಿಂದ ತಿರುಗಿಸಿ ಐಡ್ಲರನ್ನು ಮುಂದೂಡಬೇಕು. ಅನಂತರದ ಯಂತ್ರಗಳಲ್ಲಿ ಗ್ರೀಸ್ ಗನ್ನಿನಿಂದ ಸಿಲಿಂಡರಿಗೆ ಗ್ರೀಸ್ ತುಂಬಿದರೆ ಚೈನು ಬಿಗಿಯುತ್ತದೆ. ವಾಲ್ವನ್ನು ಸ್ವಲ್ಪ ಸಡಿಲಿಸಿ ಗ್ರೀಸ್ ಹೊರಬಿಟ್ಟರೆ ಚೈನು ಸಡಿಲಾಗುತ್ತದೆ.

ಇಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಆ ಸಿಲಿಂಡರಿನೊಳಗಿನ ಗ್ರೀಸ್ ಭಾರಿ ಒತ್ತಡದಲ್ಲಿರುತ್ತದೆ. ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಬಾರದು. ಮುಖವನ್ನಾಗಲಿ ಕೈಯನ್ನಾಗಲಿ ಅದರ ಎದುರು ಒಡ್ಡಬಾರದು. ಗ್ರೀಸ್ ಹೊರಬರದಿದ್ದರೆ ಯಂತ್ರವನ್ನು ತುಸು ಹಿಂದೆ ಮುಂದೆ ಚಲಿಸಿ ನೋಡಬೇಕೇ ಹೊರತು ವಾಲ್ವನ್ನು ಪೂರ್ತಿ ಬಿಚ್ಚಬಾರದು. ಐಡ್ಲರಿನ ಹಿಂದಿರುವ ಸ್ಪ್ರಿಂಗ್ ಹಲವು ಟನ್ ಬಲದಲ್ಲಿ ಅದುಮಿಟ್ಟದ್ದು. ತಕ್ಕ ಸಾಧನವಿಲ್ಲದೆ ಹೊಲದ ಬದುವಿನಲ್ಲಿ ಅದನ್ನು ಬಿಚ್ಚುವುದು ತುಂಬಿದ ಬಂದೂಕಿನ ಬಾಯಿಗೆ ಎದೆಯೊಡ್ಡಿದಂತೆ. ಹದಿನೆಂಟು ಇಪ್ಪತ್ತು ವರ್ಷದ ಸಹಾಯಕ ಹುಡುಗರ ಕೈಗೆ ಇಂತಹ ಕೆಲಸವನ್ನು ಒಪ್ಪಿಸುವ ಪದ್ಧತಿಯನ್ನು ಯಾವ ಉಳಿತಾಯವೂ ಸಮರ್ಥಿಸಲಾರದು.

ತಿರುವಿ ಹಾಕುವ ಹೊತ್ತು

ಬಿಗಿಯುವುದು ಸವೆತಕ್ಕೆ ಮದ್ದಲ್ಲವೆಂಬುದನ್ನು ಬಹಳ ಮಂದಿ ಅರಿತಿಲ್ಲ. ಚೈನು ಸಡಿಲಾಗುವುದು ಲಿಂಕು ಹಿಗ್ಗಿದ್ದರಿಂದಲ್ಲ; ಪಿನ್ನಿನ ಹೊರಮೈ ಮತ್ತು ಬುಶ್ಶಿನ ಒಳಮೈ ಒಂದೇ ಬದಿಗೆ ತಿಕ್ಕಿ ಸವೆದುದರಿಂದ. ಇದನ್ನು ತಿಳಿಯಲು ನಾಲ್ಕು ಲಿಂಕುಗಳ ಉದ್ದವನ್ನು ಪಿನ್ನಿನಿಂದ ಪಿನ್ನಿಗೆ, ಚೈನು ಎಳೆದು ನಿಂತ ಸ್ಥಿತಿಯಲ್ಲಿ ಅಳೆಯಬೇಕು. ಹೊಸದಾಗಿದ್ದಾಗ ಲಿಂಕಿನ ಅಂತರ 216 ಮಿಲಿಮೀಟರ್ ಇರುವ ಚೈನಿನಲ್ಲಿ ನಾಲ್ಕು ಲಿಂಕಿಗೆ 864 ಮಿಲಿಮೀಟರ್. ಅದೇ ಅಳತೆ 876ಕ್ಕೆ ಬಂದರೆ ಪ್ರತಿ ಲಿಂಕಿಗೆ 3 ಮಿಲಿಮೀಟರ್ ಹೆಚ್ಚಾಯಿತೆಂದು ಅರ್ಥ. ಈ ವರ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದೇ ಎಚ್ಚರಿಕೆಯ ಗಡಿ. ಒಂದು ಬದಿಯ ಚೈನಿನಲ್ಲಿ 40 ಲಿಂಕುಗಳಿದ್ದರೆ ಒಟ್ಟು ಹೆಚ್ಚಳ 120 ಮಿಲಿಮೀಟರ್; ಅದನ್ನು ನುಂಗಲು ಐಡ್ಲರ್ 60 ಮಿಲಿಮೀಟರ್ ಮುಂದೆ ಸರಿಯಬೇಕಾಗುತ್ತದೆ.

ಆ ಹೊತ್ತಿಗೆ ಮಾಡಬೇಕಾದ ಕೆಲಸ ಪಿನ್ನು ಮತ್ತು ಬುಶ್ಶುಗಳನ್ನು ತೆಗೆದು ಅರ್ಧ ಸುತ್ತು ತಿರುವಿ ಮತ್ತೆ ಹಾಕುವುದು. ಹಳೆಯ ಒಣ ಚೈನುಗಳಲ್ಲಿ ಸವೆತ ಒಂದೇ ಮಗ್ಗುಲಲ್ಲಿ ಆಗಿರುತ್ತದೆ. ತಿರುವಿದಾಗ ಸವೆಯದ ಮಗ್ಗುಲು ಕೆಲಸಕ್ಕೆ ಬಂದು, ಲಿಂಕಿನ ಅಂತರ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಸ್ಪ್ರಾಕೆಟ್ ಹಲ್ಲಿಗೂ ಬುಶ್ಶಿನ ಹೊಸ ಮುಖ ಸಿಗುತ್ತದೆ. ಒಂದು ಚೈನಿಗೆ ಎರಡನೆಯ ಆಯುಷ್ಯ ಕೊಡುವ ಕೆಲಸವಿದು. ಆದರೆ ಇದಕ್ಕೊಂದು ಮುಹೂರ್ತವಿದೆ. ಬುಶ್ಶಿನ ಹೊರಮೈಯ ಗಡಸು ಪದರ ಕೆಲವೇ ಮಿಲಿಮೀಟರ್ ದಪ್ಪ. ಅದು ಪೂರ್ತಿ ಸವೆದ ಮೇಲೆ ತಿರುವಿದರೆ ತೆಳುವಾದ ಬುಶ್ಶು ಬಿರುಕು ಬಿಡುತ್ತದೆ. ಸುಗ್ಗಿ ಮುಗಿಯಲಿ, ಮುಂದಿನ ವರ್ಷ ನೋಡೋಣವೆಂದು ತಳ್ಳಿದವರಿಗೆ ಆ ಮುಂದಿನ ವರ್ಷ ಹೊಸ ಚೈನಿನ ಬಿಲ್ಲೇ ಕಾದಿರುತ್ತದೆ.

ಮುಹೂರ್ತ ಮೀರಿದ ಮೇಲೆ ಬಹುಮಂದಿ ಹಿಡಿಯುವ ಅಡ್ಡದಾರಿ ಲಿಂಕೊಂದನ್ನು ತೆಗೆದುಹಾಕುವುದು. ಸಡಿಲಾದ ಚೈನು ಇದರಿಂದ ಬಿಗಿಯಾಗಿ ಕಾಣುತ್ತದೆ ನಿಜ. ಆದರೆ ಉಳಿದ ಪ್ರತಿ ಲಿಂಕಿನ ಅಂತರ ಹೆಚ್ಚಾಗಿಯೇ ಇರುತ್ತದೆ. ಹೆಚ್ಚಾದ ಅಂತರದ ಚೈನು ಸ್ಪ್ರಾಕೆಟ್ ಹಲ್ಲಿನ ಬುಡ ಬಿಟ್ಟು ತುದಿಯ ಕಡೆಗೆ ಏರಿ ಕೂರುತ್ತದೆ, ಹಲ್ಲನ್ನು ಚೂಪಾಗಿ ಸವೆಸುತ್ತದೆ. ಆಗ ಸ್ಪ್ರಾಕೆಟ್ ಮಾತ್ರ ಹೊಸದು ಹಾಕಿದರೆ ಹಳೆಯ ಚೈನು ಅದನ್ನೂ ತಿನ್ನುತ್ತದೆ. ಚೈನು ಮಾತ್ರ ಹೊಸದು ಹಾಕಿದರೆ ಹಳೆಯ ಸ್ಪ್ರಾಕೆಟ್ ಅದನ್ನು ತಿನ್ನುತ್ತದೆ. ಹಳೆಯ ಸ್ಪ್ರಾಕೆಟ್ಟುಗಳಲ್ಲಿ ಹಲ್ಲುಗಳ ಸಂಖ್ಯೆ ಬೆಸವಾಗಿರುವುದೂ ಅಕಸ್ಮಾತ್ತಲ್ಲ: ಒಂದು ಸುತ್ತಿನಲ್ಲಿ ಒಂದು ಹಲ್ಲು ಬಿಟ್ಟು ಒಂದಕ್ಕೆ ಬುಶ್ಶು ಕೂತರೆ, ಮುಂದಿನ ಸುತ್ತಿನಲ್ಲಿ ಉಳಿದ ಹಲ್ಲುಗಳ ಸರದಿ. ಸವೆತವನ್ನು ಸಮನಾಗಿ ಹಂಚಲು ತಯಾರಕರು ಇಷ್ಟು ಮುಂದಾಲೋಚನೆ ಮಾಡಿರುವಾಗ, ಬಳಸುವವರು ವರ್ಷಕ್ಕೆರಡು ಸಲ ಅಳತೆಪಟ್ಟಿ ಹಿಡಿಯಲಾಗದೆಂಬುದು ಒಪ್ಪತಕ್ಕ ಮಾತಲ್ಲ.

ಸುತ್ತಿಗೆಯ ನಿಜವಾದ ಬೆಲೆ

ತಿರುವುವ ಕೆಲಸಕ್ಕೆ ನೂರು ಟನ್ನಿಗೂ ಮೀರಿದ ಬಲದ ಹೈಡ್ರಾಲಿಕ್ ಪ್ರೆಸ್ ಬೇಕು. ಪಿನ್ನು ಲಿಂಕಿನ ರಂಧ್ರದಲ್ಲಿ ಅಷ್ಟು ಬಿಗಿಯಾಗಿ ಕುಳಿತಿರುತ್ತದೆ. ಪ್ರೆಸ್ ದೂರದ ನಗರದಲ್ಲಿದೆ. ಚೈನ್ ಯಂತ್ರವನ್ನು ಡಾಂಬರು ರಸ್ತೆಯ ಮೇಲೆ ಓಡಿಸುವಂತಿಲ್ಲ, ಟ್ರೇಲರಿನಲ್ಲಿಯೇ ಸಾಗಿಸಬೇಕು. ಚೈನು ಬಿಚ್ಚಿ ಲಾರಿಗೆ ಹಾಕಿದರೂ ಅದನ್ನು ಎತ್ತಲು ಕ್ರೇನು ಬೇಕು. ಈ ಸಾಗಣೆಯ ಖರ್ಚಿಗೆ ಹೆದರಿದ ಮಾಲೀಕ ಹಳ್ಳಿಯಲ್ಲೇ ಗ್ಯಾಸ್ ಕಟರ್ ಮತ್ತು ದೊಡ್ಡ ಸುತ್ತಿಗೆಗಳ ಮೊರೆ ಹೋಗುತ್ತಾನೆ. ಲಿಂಕನ್ನು ಕೆಂಪಗೆ ಕಾಯಿಸಿದಾಗ ಕಾರ್ಖಾನೆಯಲ್ಲಿ ಕೊಟ್ಟ ಗಡಸುತನ ಹೋಗುತ್ತದೆ, ರಂಧ್ರ ಅಗಲವಾಗುತ್ತದೆ, ಮತ್ತೆ ಹಾಕಿದ ಪಿನ್ನು ಅಲ್ಲಿ ಬಿಗಿಯಾಗಿ ನಿಲ್ಲುವುದಿಲ್ಲ. ಸಾಗಣೆಯಲ್ಲಿ ಉಳಿದದ್ದೆಂದು ತೋರಿದ ಹಣ ಚೈನಿನ ರೂಪದಲ್ಲಿ ಕೈಬಿಟ್ಟು ಹೋಗುತ್ತದೆ.

ಸ್ಥಳೀಯ ಲೇತ್ ಕಾರ್ಯಾಗಾರಗಳಲ್ಲಿ ಸಾದಾ ಉಕ್ಕಿನಿಂದ ತಿರುವಿದ ಪಿನ್ನುಗಳ ಕಥೆಯೂ ಇಂಥದೇ. ಅಳತೆಯಲ್ಲಿ ಅವು ಮೂಲ ಪಿನ್ನಿಗೆ ಕಿಂಚಿತ್ತೂ ಕಡಿಮೆಯಿಲ್ಲದಿರಬಹುದು. ಲೇತ್ ಕೆಲಸಗಾರರ ಕೈಚಳಕ ಪ್ರಶ್ನಾತೀತ. ಆದರೆ ಪಿನ್ನಿನ ಬೆಲೆ ಇರುವುದು ಅದರ ಆಕಾರದಲ್ಲಲ್ಲ, ಮೇಲ್ಮೈಯ ಗಡಸುತನದಲ್ಲಿ ಮತ್ತು ಒಳಗಿನ ಜಿಗುಟಿನಲ್ಲಿ. ತಕ್ಕ ಉಕ್ಕು ಮತ್ತು ಉಷ್ಣ ಸಂಸ್ಕರಣೆಯಿಲ್ಲದ ಪಿನ್ನು ಒಂದು ಸುಗ್ಗಿಯನ್ನೂ ದಾಟಲಾರದು. ಹಾಗೆಂದು ಸ್ಥಳೀಯರಿಂದ ಏನೂ ಆಗದೆಂದಲ್ಲ. ಸವೆದ ಶೂಗಳಿಗೆ ಹೊಸ ಪಟ್ಟಿ ಬೆಸೆದು ಎತ್ತರ ಮರಳಿಸುವುದು, ರೋಲರ್ ಮತ್ತು ಐಡ್ಲರುಗಳ ಮೈಗೆ ಗಡಸು ಲೋಹ ಬೆಸೆದು ಲೇತಿನಲ್ಲಿ ಅಳತೆಗೆ ತರುವುದು, ಸೋರುವ ರೋಲರಿನ ಸೀಲು ಬದಲಿಸುವುದು, ಸ್ಪ್ರಾಕೆಟ್ಟಿಗೆ ಹೊಸ ರಿಮ್ಮು ಬೆಸೆಯುವುದು ಇವೆಲ್ಲ ಒಳ್ಳೆಯ ವೆಲ್ಡರ್ ಮತ್ತು ಒಳ್ಳೆಯ ಲೇತ್ ಇರುವಲ್ಲಿ ನಡೆಯಬಲ್ಲ ಕೆಲಸಗಳು. ಯಾವುದನ್ನು ಇಲ್ಲಿ ಮಾಡಬೇಕು, ಯಾವುದನ್ನು ಕೊಂಡೇ ತರಬೇಕು ಎಂಬ ವಿವೇಕವೇ ಈ ಉದ್ಯಮದ ಬಂಡವಾಳ.

ಗುಜರಿಯೊಂದೇ ಉತ್ತರವೇ?

ಹಳೆಯ ಡೋಜರುಗಳ ಕಾಲ ಮುಗಿಯಿತು, ಎಕ್ಸ್‌ಕವೇಟರ್ ಮತ್ತು ಬ್ಯಾಕ್‌ಹೋ ಯಂತ್ರಗಳು ಬಂದ ಮೇಲೆ ಅವುಗಳಿಗಾಗಿ ಹಣ ಹೂಡುವುದು ವ್ಯರ್ಥವೆಂಬ ವಾದವಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಕೆಳಭಾಗ ಮೂರೂ ಒಟ್ಟಿಗೆ ಸೋತ ಯಂತ್ರಕ್ಕೆ ಹಣ ಸುರಿಯುವುದು ಜಾಣತನವಲ್ಲ. ಕೆಳಭಾಗದ ಪೂರ್ಣ ದುರಸ್ತಿಯ ಖರ್ಚು ಯಂತ್ರದ ಮಾರುಕಟ್ಟೆ ಬೆಲೆಯನ್ನೇ ಮೀರುವುದಾದರೆ ಗುಜರಿಯ ದಾರಿಯೇ ನ್ಯಾಯವಾದದ್ದು. ಆದರೆ ಅಳತೆಯಿಲ್ಲದೆ ಆ ನಿರ್ಧಾರಕ್ಕೂ ಬರಲಾಗದು. ಬುಶ್ಶು ತಿರುವಿದರೆ ಇನ್ನೂ ಹಲವು ಸುಗ್ಗಿ ದುಡಿಯಬಲ್ಲ ಯಂತ್ರವನ್ನು ಗುಜರಿಗೆ ಹಾಕುವುದೂ, ಗುಜರಿಗೆ ಹೋಗಬೇಕಾದುದಕ್ಕೆ ಸಾಲ ತಂದು ಹೊಸ ಚೈನು ತೊಡಿಸುವುದೂ ಒಂದೇ ಅಜ್ಞಾನದ ಎರಡು ಮುಖಗಳು.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಕ್ಸ್‌ಕವೇಟರ್ ಕೂಡ ಚೈನಿನ ಮೇಲೆಯೇ ನಡೆಯುತ್ತದೆ. ಅದಕ್ಕೂ ಲಿಂಕು, ಪಿನ್ನು, ಬುಶ್ಶು, ರೋಲರ್, ಗ್ರೀಸ್ ಸಿಲಿಂಡರುಗಳಿವೆ. ಅದರ ಚೈನೂ ಬಿಗಿದರೆ ಸವೆಯುತ್ತದೆ, ಸಡಿಲಾದರೆ ಕಳಚುತ್ತದೆ. ಹಳೆಯ ಡೋಜರಿನ ಮೇಲೆ ಕಲಿತ ಕೈ ನಾಳೆ ಎಕ್ಸ್‌ಕವೇಟರಿಗೆ ಬೇಕಾಗುವ ಕೈ. ದಶಕಗಳ ಕಾಲ ಕಾಲುವೆ ಕಾಮಗಾರಿಗಳಲ್ಲಿ ಪಳಗಿದ ಹಿರಿಯ ಮೆಕ್ಯಾನಿಕ್ಕರು ವಯಸ್ಸಾಗಿ ಮನೆ ಸೇರುತ್ತಿದ್ದಾರೆ. ಚೈನು ಹೊರಳುವ ಸದ್ದಿನಿಂದಲೇ ಯಾವ ರೋಲರ್ ಒಣಗಿದೆಯೆಂದು ಹೇಳಬಲ್ಲ ಆ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಅದು ಅವರೊಂದಿಗೇ ಮರೆಯಾದರೆ, ಯಂತ್ರ ಹೊಸದಾದರೂ ದುರಸ್ತಿಗೆ ಪರಊರಿನ ದಾರಿಯೇ ಗತಿಯಾಗುತ್ತದೆ.

ವರ್ತಕರು ಮತ್ತು ತಯಾರಕರು ಮಾಡಬೇಕಾದುದು

ಮೊದಲನೆಯದಾಗಿ, ಕಾಲದ ಬದಲಾವಣೆ ಆಗಬೇಕು. ಎರೆ ಹೊಲಕ್ಕೆ ಕಾಲಿಡಲಾಗದ ಮಳೆಗಾಲದ ತಿಂಗಳುಗಳೇ ದುರಸ್ತಿಯ ಕಾಲ. ಸುಗ್ಗಿಯ ನಡುವೆ ಮುರಿದಾಗ ಕೊಳ್ಳುವವನಿಗೆ ಬೆಲೆ ಕೇಳುವ ಬಿಡುವೂ ಇರುವುದಿಲ್ಲ, ಗುಣಮಟ್ಟ ನೋಡುವ ತಾಳ್ಮೆಯೂ ಇರುವುದಿಲ್ಲ. ಬಿಡಿಭಾಗಗಳ ವರ್ತಕರು ಜೂನ್ ತಿಂಗಳಲ್ಲಿಯೇ ಬೇಡಿಕೆ ಸಂಗ್ರಹಿಸಿ ಒಟ್ಟಾಗಿ ತರಿಸಿದರೆ ಸಾಗಣೆಯೂ ಅಗ್ಗ, ನಕಲಿ ಮಾಲಿನ ಭಯವೂ ಕಡಿಮೆ. ಸಾಲದ ಕಂತುಗಳನ್ನೂ ಈ ಕಾಲಚಕ್ರಕ್ಕೆ ಹೊಂದಿಸಿಕೊಡುವಂತೆ ಬ್ಯಾಂಕುಗಳ ಮುಂದೆ ವಾಣಿಜ್ಯೋದ್ಯಮ ಸಂಸ್ಥೆಗಳು ಬೇಡಿಕೆ ಇಡಬೇಕು.

ಎರಡನೆಯದಾಗಿ, ಪ್ರತಿ ಯಂತ್ರಕ್ಕೂ ಒಂದು ಪುಟದ ಸವೆತದ ಪಟ್ಟಿ ಇರಬೇಕು. ದಿನಾಂಕ, ಮೀಟರಿನ ಗಂಟೆಗಳು, ಜೋಲು, ನಾಲ್ಕು ಲಿಂಕಿನ ಉದ್ದ, ಬುಶ್ಶಿನ ವ್ಯಾಸ, ಲಿಂಕಿನ ಎತ್ತರ, ರೋಲರಿನ ವ್ಯಾಸ, ಶೂ ಪಟ್ಟಿಯ ಎತ್ತರ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಪಟ್ಟಿಯಲ್ಲಿ ತುಂಬಿದರೆ ಸಾಕು. ಇದರ ಲಾಭ ಮಾಲೀಕನಿಗೆ ಮಾತ್ರವಲ್ಲ. ಹಳೆಯ ಯಂತ್ರದ ಕೊಡುಕೊಳ್ಳುವಿಕೆಯಲ್ಲಿ ಬಣ್ಣ ನೋಡಿ ಬೆಲೆ ಕಟ್ಟುವ ಪದ್ಧತಿ ಹೋಗಿ ಅಳತೆ ನೋಡಿ ಬೆಲೆ ಕಟ್ಟುವ ಪದ್ಧತಿ ಬರುತ್ತದೆ. ಹೊಸದಾಗಿ ಬಣ್ಣ ಬಳಿದ, ಲಿಂಕು ತೆಗೆದು ಬಿಗಿ ಮಾಡಿದ ಯಂತ್ರವನ್ನು ಕೊಂಡು ಕಣ್ಣೀರಿಡುವ ಮೊದಲ ಬಾರಿಯ ಕೊಳ್ಳುಗನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರಿಲ್ಲ.

ಮೂರನೆಯದಾಗಿ, ಇಂಡಿ ಅಥವಾ ಸಿಂದಗಿಯಂತಹ ಕೇಂದ್ರಸ್ಥಳದಲ್ಲಿ ಒಂದು ಟ್ರ್ಯಾಕ್ ಪ್ರೆಸ್, ಒಂದು ಸ್ವಯಂಚಾಲಿತ ಬೆಸುಗೆ ಯಂತ್ರ, ಒಂದು ದೊಡ್ಡ ಲೇತ್ ಮತ್ತು ಚೈನು ಎತ್ತುವ ಸಾಧನ ಇರುವ ಸಾಮಾನ್ಯ ಸೌಲಭ್ಯ ಕೇಂದ್ರ ಏಳಬೇಕು. ಒಬ್ಬ ಸಣ್ಣ ಉದ್ಯಮಿಗೆ ಇಂತಹ ಪ್ರೆಸ್ ಕೊಳ್ಳುವುದು ಭಾರ. ವರ್ಷವಿಡೀ ಅದಕ್ಕೆ ಕೆಲಸವೂ ಸಿಗಲಾರದು. ಹತ್ತಾರು ಮಂದಿ ಕೂಡಿದರೆ ಅದು ಹಗುರ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳು ಗುಂಪಾಗಿ ಇಂತಹ ಕೇಂದ್ರ ಸ್ಥಾಪಿಸಲು ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ನೆರವಿಗೆ ಅವಕಾಶವಿದೆ. ಬೆಳಗಾವಿಯ ಫೌಂಡ್ರಿ ಉದ್ಯಮಿಗಳು ಕ್ಲಸ್ಟರ್ ಮಾದರಿಯಲ್ಲಿ ಒಗ್ಗೂಡಿದ ಉದಾಹರಣೆ ಉತ್ತರ ಕರ್ನಾಟಕದಲ್ಲಿಯೇ ಇದೆ. ದುರಸ್ತಿ ಘಟಕಗಳೂ ಉದ್ಯಮ್ ನೋಂದಣಿ ಮಾಡಿಸಿಕೊಂಡರೆ, ಗುತ್ತಿಗೆದಾರರಿಂದ ಬರಬೇಕಾದ ಹಣಕ್ಕೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯ ಗರಿಷ್ಠ 45 ದಿನಗಳ ಪಾವತಿ ನಿಯಮದ ಆಸರೆ ದೊರೆಯುತ್ತದೆ. ಬಾಯಿಮಾತಿನ ಉದ್ರಿಯಲ್ಲಿ ಬಸವಳಿಯುವ ಮೆಕ್ಯಾನಿಕ್ಕರಿಗೆ ಇದು ಸಣ್ಣ ಸಂಗತಿಯಲ್ಲ.

ನಾಲ್ಕನೆಯದಾಗಿ, ತರಬೇತಿ. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ದಕ್ಷಿಣ ವಲಯದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆ ಇದೆ. ತಾಲೂಕು ಮಟ್ಟದಲ್ಲಿ ಐಟಿಐಗಳಿವೆ. ಇವುಗಳ ವಿದ್ಯಾರ್ಥಿಗಳು ಮಳೆಗಾಲದ ಎರಡು ತಿಂಗಳು ಇಂತಹ ಸಾಮಾನ್ಯ ಕೇಂದ್ರದಲ್ಲಿ ಹಿರಿಯ ಮೆಕ್ಯಾನಿಕ್ಕರ ಕೈಕೆಳಗೆ ದುಡಿದರೆ, ಹಿರಿಯರಿಗೆ ಗೌರವಧನವೂ ಕಿರಿಯರಿಗೆ ಕಸುಬೂ ದೊರೆಯುತ್ತವೆ. ಚಾಲಕರಿಗೂ ಒಂದೆರಡು ದಿನದ ಶಿಬಿರ ಬೇಕು. ಹಿಂದಕ್ಕೆ ಬರುವಾಗ ವೇಗದ ಗೇರಿನಲ್ಲಿ ಓಡಿಸಿದರೆ ಬುಶ್ಶು ಹೆಚ್ಚು ಸವೆಯುತ್ತದೆ, ಸದಾ ಒಂದೇ ಬದಿಗೆ ಹೊರಳಿಸಿದರೆ ಒಂದೇ ಬದಿಯ ಚೈನು ಸೋಲುತ್ತದೆ ಎಂಬಷ್ಟು ತಿಳಿದರೂ ಮಾಲೀಕನ ಖರ್ಚು ತಗ್ಗುತ್ತದೆ.

ಸಾಲೋಟಗಿಯ ಹಳೆಯ ಪಾಠ

ಸಾಲೋಟಗಿಗೆ ಕಲಿಕೆಯ ಮಾತು ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವು ಇಲ್ಲಿ ಅವನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ, ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ಇದ್ದ 27 ಮನೆಗಳನ್ನೂ, ಅವರ ನಿರ್ವಹಣೆಗೆ ಬಿಟ್ಟ ಭೂಮಿಯನ್ನೂ ಹೆಸರಿಸುತ್ತದೆ. ವಿದ್ಯೆ ನಿಲ್ಲಬೇಕಾದರೆ ಗುರುವೊಬ್ಬನಿದ್ದರೆ ಸಾಲದು, ಅದಕ್ಕೊಂದು ಮನೆ, ಒಂದು ವರಮಾನ, ಊರಿನ ಒಪ್ಪಿಗೆ ಇವೆಲ್ಲ ಬೇಕೆಂಬುದನ್ನು ಆ ಕಾಲದ ಜನ ಅರಿತಿದ್ದರು. ಅಂದಿನ ವಿದ್ಯೆ ಶಾಸ್ತ್ರದ್ದು. ಇಂದು ಅದರ ಜೊತೆಗೆ ಕಸುಬಿನ ವಿದ್ಯೆಗೂ ಅಂತಹದೇ ಆಸರೆ ಬೇಕಾಗಿದೆ.

ಕಾಲುವೆಯ ನೀರು ಈ ನಾಡಿನ ಹೊಲಗಳಿಗೆ ಬಂದಷ್ಟೂ ಭೂಮಿಯನ್ನು ಹದಗೊಳಿಸುವ ಕೆಲಸ ಬೆಳೆಯುತ್ತದೆ. ನಿಂಬೆಯ ತೋಟವಿರಲಿ, ಕಬ್ಬಿನ ಗದ್ದೆಯಿರಲಿ, ತೊಗರಿಯ ಹೊಲವಿರಲಿ, ಮೊದಲು ನೆಲ ಸಮವಾಗಬೇಕು. ಆ ಕೆಲಸದ ಹಣ ಜಿಲ್ಲೆಯಲ್ಲಿಯೇ ಉಳಿಯಬೇಕೋ ದೂರದ ನಗರಗಳ ಕಾರ್ಯಾಗಾರಗಳಿಗೆ ಹರಿಯಬೇಕೋ ಎಂಬುದನ್ನು ಇಲ್ಲಿನ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳೇ ನಿರ್ಧರಿಸಬೇಕಾಗಿದೆ. ಪ್ರೆಸ್ ಬರಲು ಒಂದೆರಡು ವರ್ಷಗಳಾಗಬಹುದು. ಆದರೆ ನೇರವಾದ ಪಟ್ಟಿಯೊಂದನ್ನು ಚೈನಿನ ಮೇಲಿಟ್ಟು ಜೋಲನ್ನು ಅಳೆಯಲು ಯಾರ ಅನುದಾನವೂ ಬೇಕಿಲ್ಲ. ಬರುವ ಸುಗ್ಗಿಯ ಮೊದಲ ದಿನ ಪ್ರತಿ ಮಾಲೀಕನೂ ಅಷ್ಟನ್ನು ಮಾಡಿದರೆ, ಈ ಉದ್ಯಮದ ಅಡಿಗಲ್ಲು ಅಲ್ಲಿಗೇ ಬಿದ್ದಂತೆ.